ಬೈ ಬಿಟ್ಟರೂ ನಡೆಯುತ್ತದೆ

ಕಾಮಾಕ್ಷಿಪಾಳ್ಯ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಏಳೂವರೆಗೆ ತರಗತಿ. ಕೆಳಗೆ ಯಾರದೋ ರಾಗಿ ಬೀಸುತ್ತಿದ್ದರೆ
ಮೇಲೆ ನನ್ನ ಬೋರ್ಡು ನಡುಗುತ್ತದೆ.
ಅಕ್ಷರ ಸೊಟ್ಟಗಾದರೆ ನನ್ನ ತಪ್ಪಲ್ಲ.

ಇವತ್ತು ಕರ್ಮಣಿ ಪ್ರಯೋಗ.
ರಾಮನು ರಾವಣನನ್ನು ಕೊಂದನು;
ರಾವಣನು ರಾಮನಿಂದ ಕೊಲ್ಲಲ್ಪಟ್ಟನು.
ಶಾಲೆಯಲ್ಲಿ ಉರು ಹೊಡೆದದ್ದು. ಆಮೇಲೆ ಈ ಊರಲ್ಲಿ
ಯಾರೂ ಯಾರಿಗೂ
‘ಅನ್ನವು ನನ್ನಿಂದ ಉಣ್ಣಲ್ಪಟ್ಟಿತು’ ಅಂದದ್ದು ಕೇಳಿಲ್ಲ.
ಕನ್ನಡಕ್ಕೆ ಈ ಅಂಗಿ ಭುಜದಲ್ಲಿ ಬಿಗಿ.
ಇಂಗ್ಲಿಷಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ.

ಕರ್ಮವನ್ನೆತ್ತಿ ಮುಂದಿನ ಬೆಂಚಿಗೆ ಕೂರಿಸಿ,
ಕರ್ತೃವನ್ನು ಹಿಂದಕ್ಕೆ ಕಳಿಸಿ,
ಅವನ ಹೆಗಲಿಗೊಂದು ‘ಬೈ’ ತೂಗುಹಾಕಿ, ಎಂದೆ.
ಬೇಡವೆನಿಸಿದರೆ ಬೈ ಬಿಟ್ಟರೂ ನಡೆಯುತ್ತದೆ.
ದ ವಿಂಡೋ ವಾಸ್ ಬ್ರೋಕನ್. ಅಷ್ಟೇ.
ಬಿಎಂಟಿಸಿ ಕಂಡಕ್ಟರ್ ಚೆಲುವರಾಜು ನಕ್ಕ:
“ಒಡೆದೋನು ಪಾರಾದ ಬಿಡಿ, ಮೇಡಂ.”

ಮುಬೀನ್ ತಾಜ್ ನಗಲಿಲ್ಲ.
ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಕೂರಿಸುವವಳು,
ತೋರುಬೆರಳಲ್ಲಿ ಸೂಜಿ ಹೊಕ್ಕ ಕಪ್ಪು ಚುಕ್ಕೆ.
ಬ್ಯಾಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು.
“ಇದರಲ್ಲೂ ಬೈ ಬಿಟ್ಟಿದ್ದಾರೆ ಮೇಡಂ.
ಹುಡುಕಿಕೊಡಿ.”

ಓದಿದೆ. ಇಟ್ ಹ್ಯಾಸ್ ಬೀನ್ ಡಿಸೈಡೆಡ್.
ಯು ಆರ್ ಹಿಯರ್‌ಬೈ ಇನ್‌ಫಾರ್ಮ್ಡ್.
ಕೆಳಗೆ ಕನ್ನಡದಲ್ಲೂ ಇತ್ತು:
ತೀರ್ಮಾನಿಸಲಾಗಿದೆ, ಸೂಚಿಸಲಾಗಿದೆ,
ಹದಿನೇಳು ಮಂದಿಯನ್ನು ಕೈಬಿಡಲಾಗಿದೆ.
ಮನೆಯಲ್ಲಿ ಯಾರೂ ತೊಡದ ಆ ಅಂಗಿ
ಕಚೇರಿಗೆ ಬಂದರೆ ಎಲ್ಲರ ಮೈಗೂ ಸರಿಹೋಗುತ್ತದೆ.
ಸಹಿಯ ಜಾಗದಲ್ಲಿ ರಬ್ಬರ್ ಸ್ಟಾಂಪು, ಅದೂ ಅರ್ಧ ಬಿದ್ದದ್ದು.
ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ.
ಕೆಂಪು ಪೆನ್ನು ಕೈಯಲ್ಲೇ ಉಳಿಯಿತು.

“ಹಿಯರ್‌ಬೈಯಲ್ಲಿ ಒಂದು ಬೈ ಇದೆಯಲ್ಲ?” ಎಂದ ಚೆಲುವರಾಜು.
ಅದು ಆ ಬೈ ಅಲ್ಲ ಎಂದೆ.

ಬೇಗ ಬೇಗ ಮುಂದಿನ ಪಾಠಕ್ಕೆ ಹೋದೆ. ಮಾಡಿಸುವುದು.
ಇಂಗ್ಲಿಷಿನಲ್ಲಿ ಇದಕ್ಕೆ ಮೂವರು ಮೇಸ್ತ್ರಿಗಳು:
ಮೇಕ್ ಕತ್ತು ಹಿಡಿದು ಮಾಡಿಸುತ್ತಾನೆ,
ಹ್ಯಾವ್ ಕೂಲಿ ಕೊಟ್ಟು,
ಗೆಟ್ ಬೆಣ್ಣೆ ಹಚ್ಚಿ, ಕಾಫಿ ಕುಡಿಸಿ.
ನಮಗೆ ಬಾಲಕ್ಕೊಂದು ‘ಇಸು’ ಸಾಕು:
ಉಣ್ಣು, ಉಣಿಸು. ನಗು, ನಗಿಸು.
ಕಲಿ, ಕಲಿಸು; ನನ್ನ ಬಾಡಿಗೆ ಹುಟ್ಟುವುದು ಅದರಲ್ಲೇ.
ಅಳು, ಅಳಿಸು.
ಬೋರ್ಡು ಒರೆಸುವುದಕ್ಕೂ ಇದೇ ಪದ,
ಇದುವರೆಗೆ ಗಮನಿಸಿರಲಿಲ್ಲ.

ಉದಾಹರಣೆ ಕೊಡಿ ಎಂದೆ.
ಐ ಹ್ಯಾಡ್ ಮೈ ಹೇರ್ ಕಟ್, ಎಂದ ಚೆಲುವರಾಜು, ತಲೆ ಸವರಿಕೊಂಡು.
ಮುಬೀನ್ ಎದ್ದು ನಿಂತಳು. ಗಿರಣಿ ಅಷ್ಟು ಹೊತ್ತಿಗೆ ನಿಂತಿತ್ತು.
“ದಿನಕರ್ ಮೇಡ್ ಮಿ ಸೈನ್.”
ನಡುವೆ ಟು ಹಾಕಲಿಲ್ಲ.
ತಿಂಗಳಿಂದ ಎಲ್ಲರೂ ಎಡವುತ್ತಿದ್ದ ಜಾಗ.
“ಎಚ್.ಆರ್., ಮೇಡಂ. ಎರಡನೇ ಫ್ಲೋರು.
ಊಟದ ಬೆಲ್ಲಿಗೆ ಮುಂಚೆ. ಬಾಗಿಲು ಹಾಕಿ.
ಖಾಲಿ ಹಾಳೆ.”

ಆಮೇಲೆ ಕೇಳಿದಳು,
“ಇದನ್ನೂ ಉಲ್ಟಾ ಮಾಡಬೇಕಾ?”

ಪುಸ್ತಕದ ಪ್ರಕಾರ ಮಾಡಬೇಕು.
ಐ ವಾಸ್ ಮೇಡ್ ಟು ಸೈನ್.
ಟು ಎಲ್ಲಿಂದಲೋ ವಾಪಸು ಬರುತ್ತದೆ,
ದಿನಕರ್ ಹೊರಟುಹೋಗುತ್ತಾನೆ.

ಬೇಡ, ಹಾಗೇ ಇರಲಿ ಎಂದೆ.
ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. ಬರೆದಳು,
ಎಸ್ ಸ್ವಲ್ಪ ಬಾಗಿತು, ಗಿರಣಿಯ ನೆಪವಿಲ್ಲದೆಯೂ.
ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿಯ ಮೊದಲ ಸಾಲು
ಅದೇ ಇರಲಿ ಎಂದ ಚೆಲುವರಾಜು;
ಬನ್ನೇರುಘಟ್ಟ ರಸ್ತೆಯ ಬಸ್ಸು ಅವನಿಗೆ ಗೊತ್ತು.

ರಾತ್ರಿ ಬೋರ್ಡು ಒರೆಸಲಿಲ್ಲ.
ಬೆಳಿಗ್ಗೆ ಎಂಟನೇ ಕ್ಲಾಸಿನ ಟ್ಯೂಷನ್ ಹುಡುಗರು
ಚಪ್ಪಲಿ ಬಿಡುತ್ತಲೇ ಕೇಳಿದರು:
“ದಿನಕರ್ ಯಾರು, ಮಿಸ್?”
ಕರ್ತೃ, ಎಂದೆ.
ಬರೆದುಕೊಂಡರು.